ನಾಲ್ಕನೇ ಬಾಗಿಲಿನ ತಡವಾದ ಓ

ಬ್ಯಾಡಗಿ ಥಂಡಿಮನೆ, ನಾಲ್ಕನೇ ಬಾಗಿಲು
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೇಳು

ಯಾವುದೋ ಅಂಗಡಿಯ ಗೋಡೆಗೆ ಏಣಿ ಹಾಕಿ, ಹಳೆಯ ವೈಫೈ ಡಬ್ಬಿ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ನಿಂತಿರುವ ಮಾನ್ಯರಿಗೆ, ಮತ್ತು ಕೆಳಗೆ ಏಣಿ ಹಿಡಿದುಕೊಂಡಿರುವ ಇನ್ನೂ ಮಾನ್ಯರಿಗೆ,

ತಾರೀಖು ನೋಡಿ ನಕ್ಕಿರಬೇಕು. ನಗಿರಿ, ನಮ್ಮ ಕಡೆಯಿಂದ ಅಭ್ಯಂತರವಿಲ್ಲ. ಈ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ನಮ್ಮದರಲ್ಲೂ ಬಹುಕಾಲ ಇರಲಿಲ್ಲ. ಊರಿನ ಅಂಗಡಿ, ಕಾರ್ಖಾನೆ, ಮೆಣಸಿನಕಾಯಿ ಮಂಡಿಗಳವರೆಲ್ಲ ಹಳೆಯ ಗಾಳಿ ತೆಗೆಸಿ ಹೊಸ ಗಾಳಿ ಹಾಕಿಸಲು ವರ್ಷಕ್ಕೊಂದು ದಿನ ಬೇಕೆಂದು ಸಭೆ ಸೇರಿದರಂತೆ. ಯಾವ ದಿನ ಎಂದು ಕೇಳಿದರೆ ಪ್ರತಿಯೊಬ್ಬರೂ ತಮ್ಮ ವ್ಯಾಪಾರ ಕೆಡದ ದಿನ ಎಂದರಂತೆ. ಅಂಥ ದಿನ ಮುನ್ನೂರ ಅರವತ್ತೈದರಲ್ಲಿ ಒಂದೂ ಸಿಗದ ಕಾರಣ ಹೊಸದಾಗಿ ಒಂದನ್ನು ಮಾಡಿಕೊಂಡರು. ಅದೇ ಫೆಬ್ರವರಿ ಮೂವತ್ತು, ಬದಲಿ ದಿನ. ಇವತ್ತು ಊರಿನಲ್ಲಿ ಯಾವ ಗಾಳಿಯೂ ಬೀಸುತ್ತಿಲ್ಲ. ಗಾಳಿ ಎಂದರೆ ಮರ ಅಲ್ಲಾಡಿಸುವುದಲ್ಲ. ನಿಮ್ಮ ವೈಫೈಗೆ ಮರಿಮೊಮ್ಮಗಳಾಗಬೇಕಾದದ್ದು. ತಂತಿಯಿಲ್ಲದೆ ಚೀಲಕ್ಕೂ ಲೆಕ್ಕಯಂತ್ರಕ್ಕೂ ಮನುಷ್ಯನಿಗೂ ಮಾತು ಸಾಗಿಸುವ ಎಲ್ಲವನ್ನೂ ನಾವು ಗಾಳಿ ಎನ್ನುತ್ತೇವೆ. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಪದಗಳನ್ನು ನಾನು ಓದಿದಾಗ ನನಗೂ ಹಾಗೇ ಅನಿಸಿತು, ಆದರೆ ನೀವು ಕ್ಷಮೆ ಕೇಳಿರಲಿಲ್ಲ.

ನಾನು ನೀಲಗಂಗಾ ಮೋಟೆಬೆನ್ನೂರ, ವಯಸ್ಸು ಇಪ್ಪತ್ತೊಂದು. ಹಿಂದೆ ಈ ಥಂಡಿಮನೆಯ ನಾಲ್ಕನೇ ಬಾಗಿಲಿನ ಮುಖ್ಯ ಓಗೊಡುವ ಅಧಿಕಾರಿಣಿ, ಮಂಡಕ್ಕಿ ವಿಭಾಗದ ಏಕೈಕ ಸದಸ್ಯೆ, ಸಾಹುಕಾರರ ಧ್ವನಿಯ ಅನಧಿಕೃತ ಪ್ರತಿನಿಧಿ. ಈಗ ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಚುಕ್ಕೆ ನೋಡುವವಳು. ಇವತ್ತು ಒಂದು ದಿನದ ಮಟ್ಟಿಗೆ ನನ್ನ ಹಳೆಯ ಪದವಿಗೆ ಮರಳಿದ್ದೇನೆ. ಸ್ಟೂಲು ಅದೇ, ಬಾಗಿಲು ಅದೇ, ಮಂಡಕ್ಕಿ ಮಾತ್ರ ಹೊಸದು.

ಸ್ವಲ್ಪ ತಡೆಯಿರಿ. ಒಳಗಿಂದ ಕೂಗಿದರು.

ಓ!

ಹಾಂ, ಹೇಳುತ್ತೇನೆ. ಥಂಡಿಮನೆ ಎಂದರೆ ನಿಮ್ಮ ಕೋಲ್ಡ್ ಸ್ಟೋರೇಜ್. ಒಣಮೆಣಸಿನಕಾಯಿಯ ಕೆಂಪು ಬಣ್ಣ ಹಾರದಂತೆ ವರ್ಷಗಟ್ಟಲೆ ಥಂಡಿಯಲ್ಲಿ ಇಡುವ ಜಾಗ. ನಮ್ಮ ಕಾಲದಲ್ಲಿ ಬೆಳಗಿನ ಹತ್ತು ಗಂಟೆಯ ಮೇಲೆ ಬೀದಿಯಲ್ಲಿ ನಿಲ್ಲುವ ಹಾಗಿಲ್ಲ. ಅಷ್ಟು ಬಿಸಿಲು. ಮಂಡಿಯ ಹರಾಜು ನಸುಕಿನಲ್ಲೇ ಮುಗಿಯುತ್ತದೆ, ಊರಿನ ಬೀದಿಗಳಿಗೆಲ್ಲ ನೆರಳಿನ ಚಾವಣಿ ಹಾಕಿದ್ದಾರೆ, ನಡುಹಗಲು ಇಡೀ ಬ್ಯಾಡಗಿ ಮಲಗಿರುತ್ತದೆ. ಎಚ್ಚರ ಇರುವುದು ಥಂಡಿಮನೆಯೊಂದೇ. ಆರು ಕೋಣೆ, ಒಂದೊಂದು ಕೋಣೆಯಲ್ಲಿ ಕತ್ತೆತ್ತಿ ನೋಡುವಷ್ಟು ಎತ್ತರಕ್ಕೆ ಚೀಲದ ಸಾಲು. ಗೋಡೆಗಳಿಗೆ ಎರಡೂ ಬದಿಗೆ ತಗಡು, ನಡುವೆ ಮೊಳದಷ್ಟು ದಪ್ಪದ ಥಂಡಿ ತಡೆಯುವ ಹೂರಣ. ಈ ಗೋಡೆಯ ಮುಂದೆ ನಿಮ್ಮ ಕಾಲದ ವೈಫೈ ಮಾತ್ರವಲ್ಲ, ಅದರ ಮಕ್ಕಳು ಮೊಮ್ಮಕ್ಕಳೂ ಸೋತು ಬಾಗಿಲಲ್ಲೇ ಕೂತುಬಿಟ್ಟವು.

ಒಳಗೆ ಹೋಗುವ ಹೊಸ ಗಾಳಿಗಳು ಬಂದಿರಲಿಲ್ಲವೆಂದಲ್ಲ. ಬಂದಿದ್ದವು. ಐದನೆಯದು ಬಂದಾಗ ನಮ್ಮ ಸಾಹುಕಾರರ ಮುತ್ತಜ್ಜ "ಆರನೇದು ಬರಲಿ, ಅದನ್ನ ಹಾಕ್ಸೂಣು" ಎಂದರಂತೆ. ಆರನೆಯದು ಬಂದಾಗ ಅವರ ಮಗ "ಹೆಂಗೂ ತಡದೇವಿ, ಏಳನೇದನ್ನ ನೋಡೂಣು" ಎಂದರು. ಏಳು ಬಂದಾಗ ಎಂಟು, ಎಂಟು ಬಂದಾಗ ಒಂಬತ್ತು. ಹೀಗೆ ಒಂದು ಮನೆತನ ಕೇವಲ ಕಾಯುವ ಮೂಲಕ ನಾಲ್ಕು ತಲೆಮಾರು ತಂತ್ರಜ್ಞಾನದ ಮುಂಚೂಣಿಯಲ್ಲಿತ್ತು. ಬಾಗಿಲ ಪಕ್ಕದ ಗೋಡೆಯ ಮೇಲೆ ನಿಮ್ಮ ಕಾಲದ್ದೇ ಒಂದು ಡಬ್ಬಿ, ಎರಡು ಕೊಂಬಿನದು, ಉಳಿದುಕೊಂಡಿತ್ತು. ಪ್ರತಿವರ್ಷ ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚಿ ಎರಡು ಕೊಂಬಿನ ನಡುವೆ ಚೆಂಡುಹೂವು ಸಿಕ್ಕಿಸುತ್ತಿದ್ದರು. ಅದು ಆ ಘನತೆಗೆ ತಕ್ಕ ಹಾಗೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ.

ಗಾಳಿ ಒಳಗೆ ಹೋಗದ ಕಾರಣ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬೇರೆಡೆ ಒಬ್ಬರು ನಿಮ್ಮ ಹೆಸರು ಕೂಗುತ್ತಾರೆ, ನೀವು ಓ ಎನ್ನುತ್ತೀರಿ. ಇಲ್ಲಿ ತಿರುಗಾಮುರುಗಾ. ಥಂಡಿ ಕೋಣೆಯ ಒಳಗೆ ಇರುವವರು ಒಂದು ಸಾಲು ಚೀಲ ತಿರುವಿ ಹಾಕಿದ ಕೂಡಲೇ ತಮ್ಮ ಹೆಸರನ್ನು ತಾವೇ ಕೂಗಬೇಕು. ಅಂಗೈ ಅಗಲ ತೆರೆದ ಬಾಗಿಲ ಹೊರಗೆ ಕೂತವರು ಓ ಎನ್ನಬೇಕು. ಹೆಸರು ಕೇಳದಿದ್ದರೆ ಹೊರಗಿನವರು ಒಳಗೆ ಓಡಬೇಕು, ಏಕೆಂದರೆ ಥಂಡಿಯಲ್ಲಿ ಮೈ ಜೋಮು ಹಿಡಿಯುತ್ತದೆ, ಕೂತಲ್ಲೇ ಮಂಪರು ಹತ್ತುತ್ತದೆ, ಕೆಲವು ಸಲ ಚೀಲದ ಸಾಲು ಜಾರುತ್ತದೆ. ಓ ಕೇಳದಿದ್ದರೆ ಒಳಗಿನವರು ಕೆಲಸ ಬಿಟ್ಟು ಹೊರಗೆ ಬರಬೇಕು, ಏಕೆಂದರೆ ತಮ್ಮನ್ನು ಕಾಯುವವರು ಯಾರೂ ಇಲ್ಲ ಎಂದರ್ಥ. ಇಷ್ಟೇ ನಿಯಮ. ಇದನ್ನು ಯಾರೂ ಬರೆದಿಡಲಿಲ್ಲ.

ನಾಲ್ಕನೇ ಕೋಣೆಯ ಒಳಗೆ ಕೆಂಚವ್ವ. ಅರವತ್ತು ದಾಟಿದ ಹೆಂಗಸು, ತಲೆಗೆ ಎರಡು ಸುತ್ತು ಮಫ್ಲರು, ಎತ್ತುಗಾಡಿ (ಎತ್ತು ಕಟ್ಟಿದ್ದಲ್ಲ, ಚೀಲ ಎತ್ತುವ ಯಂತ್ರದ ಗಾಡಿ) ಓಡಿಸುತ್ತ ಚೀಲಗಳ ಜೊತೆ ಜಗಳ ಆಡುವುದರಲ್ಲಿ ಜಿಲ್ಲೆಗೇ ಹೆಸರು. ಹೊರಗೆ ನಾನು. ದಿನಕ್ಕೆ ನಲವತ್ತು ಸಾಲು, ನಲವತ್ತು ಕೂಗು, ಜೊತೆಗೆ ಮನೆಗೆ ಹೊರಡುವಾಗ ಒಂದು. ನಾನು ಒಮ್ಮೆಯೂ ಸರಿಯಾದ ಹೊತ್ತಿಗೆ ಓ ಅಂದವಳಲ್ಲ. ಬಾಯಲ್ಲಿ ಮಂಡಕ್ಕಿ ಇರುತ್ತಿತ್ತು, ಅದು ಇಳಿಯಬೇಕಲ್ಲ.

"ಏ ಖೋಡಿ, ಸತ್ತೆನೋ ಅಂತ ನೋಡಾಕ ಕುಂತಿಯೋ, ಮಂಡಕ್ಕಿ ತಿನ್ನಾಕ ಕುಂತಿಯೋ?" ಎಂದು ಒಳಗಿಂದ ಬರುತ್ತಿತ್ತು.

"ಎರಡೂ, ಆಯಿ. ಒಂದ ಪಗಾರದಾಗ ಎರಡ ಕೆಲಸ."

ಕೆಲವೊಮ್ಮೆ ಸಾಹುಕಾರರ ಧ್ವನಿಯಲ್ಲಿ ಓ ಅನ್ನುತ್ತಿದ್ದೆ. ನಮ್ಮ ರುದ್ರಮುನಿ ಸಾಹುಕಾರರ ಓ ಬಹಳ ಗಂಭೀರ, ಗಂಟಲಿನ ತಳದಿಂದ ಕೆಮ್ಮಿನ ಜೊತೆ ಏಳುವಂಥದ್ದು. ಅದನ್ನು ಕೇಳಿ ಪಕ್ಕದ ಕೋಣೆಯ ಹಮಾಲರು ಕೂತಲ್ಲಿಂದ ಎದ್ದು ಈಗಾಗಲೇ ಎತ್ತಿಟ್ಟ ಚೀಲವನ್ನೇ ಮತ್ತೆ ಎತ್ತುತ್ತಿದ್ದರು. ಕೆಂಚವ್ವ ಒಳಗೆ ನಗುವುದು ಇಲ್ಲಿಗೆ ಕೇಳುತ್ತಿತ್ತು. ಮೆಣಸಿನಕಾಯಿ ಘಾಟಿನಲ್ಲಿ ನಕ್ಕರೆ ಸೀನು ಬರುತ್ತದೆ, ಸೀನಿದರೆ ಮತ್ತೆ ನಗು. ನನ್ನ ವೃತ್ತಿಜೀವನದ ಉತ್ತುಂಗ ಅದು.

ಓ! ಬಂದೆ, ಬಂದೆ. ಬರಿಯಾಕತ್ತೇನಿ ಆಯಿ!

"ಯಾರಿಗೆ ಬರೀತಿದ್ದಿ?" ಎಂದು ಕೆಂಚವ್ವ ಕೇಳುತ್ತಿದ್ದಾಳೆ. ನೂರಾ ಅರವತ್ತು ವರ್ಷದ ಹಿಂದಿನವರಿಗೆ ಎಂದೆ. "ಅವರರೆ ಓದ್ತಾರಲ್ಲಾ, ಬರಿ" ಎಂದಳು.

ಹೋದ ಬದಲಿ ದಿನ ಒಂಬತ್ತನೇ ಗಾಳಿ ಬಂತು. ಪ್ರತಿ ಚೀಲದ ಪೂರ್ತಿ ಕಥೆ ಬೇಕೆಂದು ಖರೀದಿದಾರರು ಪಟ್ಟು ಹಿಡಿದಿದ್ದರು. ಯಾವತ್ತು ಎಷ್ಟು ಥಂಡಿ, ಎಷ್ಟು ಪಸೆ, ಎಲ್ಲ. ಬೇರೆ ಥಂಡಿಮನೆಗಳು ಕೊಟ್ಟವು, ನಮ್ಮ ಚೀಲಗಳು ಅಲ್ಲಿಗೆ ಹೋಗತೊಡಗಿದವು. ಸಾಹುಕಾರರು ಹತ್ತನೆಯದರ ಆಸೆ ಬಿಟ್ಟರು. ಗಾಳಿ ಕೂಡಿಸುವ ದಾದಾಪೀರ ಬಂದು ಏಣಿ ಹಾಕಿದ. ಒಳ್ಳೆಯ ಹುಡುಗ, ಕಿವಿಯ ಮೇಲೆ ಪೆನ್ಸಿಲ್ಲು. ಎಷ್ಟು ಗೋಡೆ, ಎಷ್ಟು ಚೀಲ, ಎಷ್ಟು ಯಂತ್ರ, ಎಷ್ಟು ಜನ ಎಂದು ನಮೂನೆಯಲ್ಲಿ ತುಂಬಿಕೊಂಡ. ಏಣಿ ಹಿಡಿದವಳು ನಾನೇ. ಸಾಕ್ಷಿಗೆ ಹೇಳಿದೆ, ಅಷ್ಟೇ.

ನಾನು ಒಂಬತ್ತನೇ ಗಾಳಿಯ ಮೇಲೆ ಚಾಡಿ ಹೇಳಲು ಕೂತಿಲ್ಲ. ಅದು ತಗಡಿನ ಗೋಡೆಯನ್ನು ನೀರಿನ ಪರದೆಯಂತೆ ದಾಟಿತು. ಚೀಲದ ಬಾಯಿಗೆ ಹೊಲಿದ ಉಸಿರುಚೀಟಿಗಳು ಒಂದೊಂದೂ ತನ್ನ ಥಂಡಿ, ತನ್ನ ಪಸೆ ತಾನೇ ಹೇಳತೊಡಗಿದವು. ನಮ್ಮ ಅಂಗಿಗೆ ಎದೆಗುಂಡಿ ಕೊಟ್ಟರು. ಸಣ್ಣ ಬಿಲ್ಲೆ, ಎದೆಬಡಿತ ಎಣಿಸಿ ಗಾಳಿಗೆ ಹೇಳುತ್ತದೆ. ಎರಡನೇ ಕೋಣೆಯಲ್ಲಿ ಒಂದು ದಿನ ಸಾಲು ಜಾರಿ ಹಮಾಲನೊಬ್ಬನ ಕಾಲ ಮೇಲೆ ಬಿದ್ದಾಗ, ಅವನು ಕೂಗಲು ಬಾಯಿ ತೆರೆಯುವ ಮೊದಲೇ ದೀಪ ಹತ್ತಿ, ಬಾಗಿಲು ತೆರೆದು, ಜನ ಓಡಿ ಬಂದಿದ್ದರು. ನನ್ನ ಬಾಯಿಯ ಮಂಡಕ್ಕಿಗೆ ಕಾದಿದ್ದರೆ ಅವನ ಕಾಲು ಉಳಿಯುತ್ತಿರಲಿಲ್ಲ. ಇದನ್ನು ನಾನು ಪೂರ್ಣ ಗಾಂಭೀರ್ಯದಿಂದ ಹೇಳುತ್ತಿದ್ದೇನೆ, ದಯವಿಟ್ಟು ಹಾಗೇ ಓದಿ.

ಹೀಗಾಗಿ ಬಾಗಿಲು ತೆರೆದಿಡುವ ಅಗತ್ಯ ಬೀಳಲಿಲ್ಲ. ಪೂರ್ತಿ ಮುಚ್ಚಿದರು. ಸ್ಟೂಲು ಉಗ್ರಾಣಕ್ಕೆ ಹೋಯಿತು, ಎರಡು ಕೊಂಬಿನ ಡಬ್ಬಿ ಗುಜರಿಗೆ ಹೊರಟಿತ್ತು, ನಾನು ಎತ್ತಿಟ್ಟುಕೊಂಡೆ. ನನ್ನನ್ನು ಮಹಡಿಯ ಗಾಜಿನ ಕೋಣೆಗೆ ಏರಿಸಿದರು. ಅಲ್ಲಿ ಗೋಡೆ ತುಂಬ ಹಸಿರು ಚುಕ್ಕೆಗಳು. ಅಗಲವಾದ ಚುಕ್ಕೆ ಮನುಷ್ಯ, ಸಣ್ಣದು ಚೀಲ. ಕೆಂಚವ್ವ ನಾಲ್ಕನೇ ಚೌಕದ ಅಗಲ ಚುಕ್ಕೆ. ಚುಕ್ಕೆ ಹಸಿರಾಗಿರುವವರೆಗೆ ನನಗೆ ಕೆಲಸವಿಲ್ಲ. ಅದು ಯಾವತ್ತೂ ಹಸಿರೇ.

ಆ ಕೋಣೆಯಲ್ಲಿ ಏನೂ ಕೇಳುವುದಿಲ್ಲ. ಊರೇ ಹಾಗಾಗಿದೆ ಎನ್ನಿ. ಯಾರು ಎಲ್ಲಿದ್ದಾರೆಂದು ಗಾಳಿಗೆ ಗೊತ್ತು, ಆದ್ದರಿಂದ ಯಾರೂ ಯಾರನ್ನೂ ಎಲ್ಲಿದ್ದೀ ಎಂದು ಕೇಳುವುದಿಲ್ಲ. ಹೊಟ್ಟೆ ಹಸಿದರೆ ಖಾನಾವಳಿಗೆ ಮೊದಲೇ ತಿಳಿದಿರುತ್ತದೆ, ರೊಟ್ಟಿ ಎಷ್ಟು ಎಂದೂ ಕೇಳದೆ ಬಡಿಸುತ್ತಾರೆ. ನಿಲ್ದಾಣದಲ್ಲಿ ನೀವು ಕಾಲಿಟ್ಟರೆ ಬಸ್ಸು ತಾನಾಗಿ ನಿಲ್ಲುತ್ತದೆ, ಕೈ ಅಡ್ಡ ಹಾಕಬೇಕಿಲ್ಲ. ನಾನಿರುವ ವಸತಿಯಲ್ಲಿ ಅರವತ್ತು ಹುಡುಗಿಯರಿದ್ದೇವೆ. ಯಾವ ಕೋಣೆಯಲ್ಲಿ ಯಾರಿದ್ದಾರೆಂದು ಪ್ರತಿ ಬಾಗಿಲ ಮೇಲೂ ದೀಪ ಹೇಳುತ್ತದೆ, ಹಾಗಾಗಿ ಒಬ್ಬರೂ ಬಾಗಿಲು ಬಡಿಯುವುದಿಲ್ಲ. ಬಂದ ಹೊಸದರಲ್ಲಿ ಇದು ಮರ್ಯಾದೆ ಎಂದುಕೊಂಡಿದ್ದೆ.

ನಾನು ಸುಮ್ಮನೆ ಕೂರುವವಳಲ್ಲ. ಚೇಷ್ಟೆ ನನ್ನ ಉಪಕಸುಬು. ಮೂರನೇ ಕೋಣೆಯ ಚೀಲವೊಂದಕ್ಕೆ ನನ್ನ ಎದೆಗುಂಡಿ ಸಿಕ್ಕಿಸಿ ಬಂದೆ, ಥಂಡಿಮನೆಯಲ್ಲಿ ಮೆಣಸಿನಕಾಯಿಗೆ ಜೀವ ಬಂತೆಂದು ಗದ್ದಲವಾಗಲಿ ಎಂದು. ಗಾಳಿ ಒಂದು ಸಾಲು ಬರೆಯಿತು: "ಗುಂಡಿ ತಪ್ಪಾದ ಸ್ಥಳದಲ್ಲಿದೆ. ಸರಿಪಡಿಸಲಾಗಿದೆ." ಸಾಹುಕಾರರ ಹುಟ್ಟುಹಬ್ಬವೆಂದು ಎಲ್ಲ ಕೋಣೆಗಳ ದೀಪ ಮಿಣುಕಿಸಿದೆ. "ದೀಪದ ಆಜ್ಞೆಗೆ ಕಾರಣವಿಲ್ಲ. ಸರಿಪಡಿಸಲಾಗಿದೆ." ಬೈದಿದ್ದರೂ ಆಗುತ್ತಿತ್ತು. ಚೇಷ್ಟೆಗೆ ಸಿಟ್ಟಾಗುವ ಒಬ್ಬರಾದರೂ ಬೇಕು. ಮಾಡುವ ಮೊದಲೇ ಕ್ಷಮಿಸಿಬಿಡುವವರ ಮುಂದೆ ಏನು ಮಾಡಲಿ? ಸಂಜೆ ಇಳಿದು ಬರುವಷ್ಟರಲ್ಲಿ ಕೆಂಚವ್ವನ ಪಾಳಿ ಮುಗಿದು ಹೋಗಿರುತ್ತಿತ್ತು. ನಾಳೆ ಹೋಗಿ ಮಾತಾಡಿಸುತ್ತೇನೆ ಎಂದುಕೊಳ್ಳುತ್ತಿದ್ದೆ. ಚುಕ್ಕೆ ಹಸಿರಾಗಿದೆಯಲ್ಲ ಎಂಬ ಸಮಾಧಾನ ಎಷ್ಟು ಕೆಟ್ಟದ್ದೆಂದರೆ, ಅದರ ಮೇಲೆ ಎಂಟು ತಿಂಗಳು ಕಳೆದುಬಿಟ್ಟೆ.

ಎಂಟನೇ ತಿಂಗಳಲ್ಲಿ ಬೇಸರಕ್ಕೆ ಗಾಳಿಯ ದಿನಚರಿ ಓದತೊಡಗಿದೆ. ಯಾರೂ ಓದದ ಪಟ್ಟಿ ಅದು, ಗಾಳಿ ತಾನು ಏನೇನನ್ನು ಸೋಸಿ ಹೊರಗೆ ಹಾಕಿತೆಂದು ಬರೆದಿಡುವುದು. ನಾಲ್ಕನೇ ಕೋಣೆ: ಅನಗತ್ಯ ಶಬ್ದ, ನಲವತ್ತೊಂದು ಸಲ. ಹಿಂದಿನ ದಿನ, ನಲವತ್ತೊಂದು. ಅದರ ಹಿಂದಿನ ದಿನವೂ ನಲವತ್ತೊಂದು. ಶಬ್ದವನ್ನು ಕೇಳಿಸೆಂದೆ.

"ಕೆಂಚವ್ವಾ!"

ಆಮೇಲೆ ಒಂದಿಷ್ಟು ಹೊತ್ತು ಏನೂ ಇಲ್ಲ. ಎತ್ತುಗಾಡಿಯ ಸದ್ದು. ಮತ್ತೆ, "ಕೆಂಚವ್ವಾ!" ಆಮೇಲೆ ಏನೂ ಇಲ್ಲ.

ಮುಚ್ಚಿದ ಬಾಗಿಲಿನ ಒಳಗೆ ಎಂಟು ತಿಂಗಳು ತನ್ನ ಹೆಸರನ್ನು ತಾನೇ ಕೂಗಿದ್ದಳು. ನಿಯಮದ ಪ್ರಕಾರ ಓ ಬರದಿದ್ದರೆ ಕೆಲಸ ಬಿಟ್ಟು ಹೊರಗೆ ಬರಬೇಕಿತ್ತು. ಬಂದಿರಲಿಲ್ಲ. ಕಾಯುವವರು ಇಲ್ಲ ಎಂದು ತಿಳಿದೂ ಪ್ರತಿ ಸಾಲಿನ ಕೊನೆಗೆ ಕೂಗಿ, ಮಂಡಕ್ಕಿ ಇಳಿಯುವಷ್ಟು ಹೊತ್ತು ನಿಂತು, ಮುಂದಿನ ಸಾಲಿಗೆ ಹೋಗಿದ್ದಳು.

ಪಟ್ಟಿಯ ಕೆಳಗೆ ಇನ್ನೊಂದು ಸಾಲಿತ್ತು. "ವ್ಯಕ್ತಿ ಉತ್ತರವಿಲ್ಲದೆ ಮಾತನಾಡುತ್ತಿದ್ದಾರೆ. ಮನಸ್ಸಿನ ಗೊಂದಲ ಇರಬಹುದು. ವಿಶ್ರಾಂತಿ ಪಟ್ಟಿಗೆ ಶಿಫಾರಸು." ವಿಶ್ರಾಂತಿ ಪಟ್ಟಿ ಎಂಬುದು ನಮ್ಮ ಕಾಲದ ಮೃದುವಾದ ಮಾತು. ಅದರಲ್ಲಿ ಹೆಸರು ಬಂದವರ ಎದೆಗುಂಡಿ ವಾರದೊಳಗೆ ಬಿಚ್ಚಿಕೊಳ್ಳುತ್ತಾರೆ, ಶಾಲು ಹೊದಿಸುತ್ತಾರೆ, ಮರುದಿನ ಬಾಗಿಲು ಅವರಿಗೆ ತೆರೆಯುವುದಿಲ್ಲ. ಕೆಂಚವ್ವ ಹಿಂದೊಮ್ಮೆ ನನಗೆ ಹೇಳಿದ್ದಳು: "ಮನಿಯಾಗೂ ನಾ ಒಬ್ಬಾಕೀನ, ಇಲ್ಲೂ ನಾ ಒಬ್ಬಾಕೀನ. ಆದ್ರ ಚೀಲಕ್ಕ ಘಾಟರೆ ಐತಿ, ಗ್ವಾಡಿಗೆ ಏನೈತಿ?"

ನಾನು ಮೆಟ್ಟಿಲು ಇಳಿದೆ. ಕೆಳಗಿನ ಅಂಗಡಿಯಲ್ಲಿ ಮಂಡಕ್ಕಿ ತೆಗೆದುಕೊಂಡೆ, ಯಾಕೆಂದು ಕೇಳಬೇಡಿ, ಬರಿಗೈಲಿ ಹೋಗಲು ಧೈರ್ಯವಾಗಲಿಲ್ಲ. ನಾಲ್ಕನೇ ಬಾಗಿಲಿನ ಹಿಡಿಕೆ ಎಳೆದು ಅಂಗೈ ಅಗಲ ತೆರೆದೆ. ಥಂಡಿ ಮುಖಕ್ಕೆ ಹೊಡೆಯಿತು. ಒಳಗೆ ಸಾಲು ಮುಗಿಯಿತು.

"ಕೆಂಚವ್ವಾ!"

"ಓ" ಅಂದೆ. ಬಾಯಲ್ಲಿ ಮಂಡಕ್ಕಿ ಇರಲಿಲ್ಲ, ಆದರೂ ತಡವಾಯಿತು.

ಎತ್ತುಗಾಡಿ ನಿಂತಿತು. ಆಮೇಲೆ, "ಎಂಟ ತಿಂಗಳಾತು. ಅಂಥಾ ಎಂಥಾ ಮಂಡಕ್ಕಿಲೇ ಅದು?"

"ಬಾಳ ಗಟ್ಟಿ ಇತ್ತ ಆಯಿ."

"ಇಲ್ಲಿ ಬಾ, ನಿನ್ನ ಕಪಾಳಕ್ಕ ಕೊಡತೇನಿ."

ಕೊಟ್ಟಳು ಕೂಡ. ಹೊಡೆತ ಜೋರಾಗಿಯೇ ಇತ್ತು, ಅವಳು ಒಂದರ ಮೇಲೊಂದು ಕೈಗವಸು ಹಾಕಿದ್ದರಿಂದ ಉಳಿದುಕೊಂಡೆ. ಆಮೇಲೆ ಇಬ್ಬರೂ ಚೀಲದ ಮೇಲೆ ಕೂತು ಮಂಡಕ್ಕಿ ತಿಂದೆವು. ಸೀನಿದೆವು.

ಯಾಕೆ ಹೊರಗೆ ಬರಲಿಲ್ಲ ಎಂದು ಕೇಳಿದೆ. "ಬಂದಿದ್ರ ನೀ ಅಲ್ಲಿಲ್ಲ ಅಂತ ಖರೇ ಆಗ್ತಿತ್ತು" ಎಂದಳು.

ಮರುದಿನದ ದಿನಚರಿಯಲ್ಲಿ ಗಾಳಿ ಬರೆದಿತ್ತು: "ನಾಲ್ಕನೇ ಕೋಣೆ: ಶಬ್ದಕ್ಕೆ ಉತ್ತರವಿದೆ. ಸಂಭಾಷಣೆ. ಶಿಫಾರಸು ಹಿಂಪಡೆಯಲಾಗಿದೆ." ಉತ್ತರ ಬಾರದ ಕೂಗು ರೋಗ, ಉತ್ತರ ಬಂದರೆ ಅದೇ ಕೂಗು ಮಾತು. ಇಷ್ಟೇ ವ್ಯತ್ಯಾಸ. ನಾನು ಬಹಳ ಶಾಸ್ತ್ರೋಕ್ತವಾಗಿ ಆ ಗಾಜಿನ ಗೋಡೆಗೆ ನಮಸ್ಕಾರ ಹಾಕಿದೆ.

ಆಮೇಲೆ ನಾಲ್ಕು ತಿಂಗಳು ದಿನಾ ಊಟದ ಹೊತ್ತಿಗೆ, ಮತ್ತು ಸಿಕ್ಕ ಸಂದಿನಲ್ಲೆಲ್ಲ, ಕೆಳಗಿಳಿದು ಬಾಗಿಲು ತೆರೆದು ಓ ಎಂದೆ. ಗಾಳಿ ಪ್ರತಿ ಸಲವೂ "ಬಾಗಿಲು ತೆರೆದಿದೆ, ಥಂಡಿ ಸೋರುತ್ತಿದೆ" ಎಂದು ಬರೆದುಕೊಂಡಿತು. ಅದು ಸುಳ್ಳಲ್ಲ, ಬಾಗಿಲ ಪಕ್ಕದ ಸಾಲಿನ ಚೀಲಗಳಲ್ಲಿ ಬಣ್ಣ ತುಸು ಇಳಿದಿತ್ತು. ಸಾಹುಕಾರರು ಕರೆಸಿದರು. ಅವರು ಕೆಟ್ಟವರಲ್ಲ. ಕೆಮ್ಮಿ, ಒಂದು ಕಾಯಿ ಮುರಿದು ಬೆಳಕಿಗೆ ಹಿಡಿದು ನೋಡಿ, "ನೀಲವ್ವಾ, ಕಾಯಿ ಬಣ್ಣಾ ಉಳೀಬೇಕು, ಮುದುಕೀನೂ ಉಳೀಬೇಕು. ಏನರೆ ಹಾದಿ ಹುಡುಕಸ್ತೇನಿ" ಎಂದರು. ಹುಡುಕಿಸಿದರು. ಇವತ್ತು ದಾದಾಪೀರ ಮೇಲೆ ಕೂಡಿಸುತ್ತಿರುವುದು ಒಂಬತ್ತೂವರೆ ಗಾಳಿ. ಕೋಣೆಯ ಚಾವಣಿಗೆ ಒಂದು ಧ್ವನಿಪೆಟ್ಟಿಗೆ ಬಂದಿದೆ. ಇನ್ನು ಮುಂದೆ ಕೆಂಚವ್ವ ಕೂಗಿದರೆ ಗಾಳಿಯೇ ಓ ಅನ್ನುತ್ತದೆ. ನನ್ನ ಧ್ವನಿಯಲ್ಲಿ. ಬಾಗಿಲಿಗೆ ನಾಳೆಯಿಂದ ಬೀಗ, ಪಾಳಿಯ ಹೊತ್ತಿನಲ್ಲಿ ಹೊರಗಿನಿಂದ ತೆರೆಯಲು ಬರುವುದಿಲ್ಲ.

ಬೆಳಿಗ್ಗೆ ದಾದಾಪೀರ ಧ್ವನಿ ಹಿಡಿಯುವ ಯಂತ್ರ ತಂದ. "ನೀಲಕ್ಕಾ, ಮೂರ್ ಸಲ ಓ ಅನ್ರಿ, ಮುಗೀತು."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲಿನ ತಳದಿಂದ, ಕೆಮ್ಮಿನ ಸಮೇತ, ಮೂರು ಸಲ ಸಾಹುಕಾರರ ಓ ಅಂದೆ. ದಿನಕ್ಕೆ ನಲವತ್ತೊಂದು ಸಲ ಸಾಹುಕಾರರು ಕೆಂಚವ್ವನಿಗೆ ಓಗೊಡಲಿ, ಅದು ಯಂತ್ರವೆಂದು ಅವಳಿಗೆ ತಕ್ಷಣ ತಿಳಿಯಲಿ ಎಂಬ ದೂರಾಲೋಚನೆ. ದಾದಾಪೀರ ನಕ್ಕು ನಕ್ಕು ಏಣಿ ಹಿಡಿದುಕೊಂಡ. ಯಂತ್ರ ಮಾತ್ರ ನಗಲಿಲ್ಲ. "ಧ್ವನಿ ಹೊಂದಲಿಲ್ಲ. ಹಿಂದಿನ ಸಂಭಾಷಣೆಗಳಿಂದ ಸರಿಪಡಿಸಲಾಗಿದೆ" ಎಂದು ಬರೆದು ನನ್ನ ಓ ಅನ್ನು ನನಗೇ ಕೇಳಿಸಿತು. ನನ್ನದೇ. ಎಳೆತ, ಕೊನೆಗೆ ಸ್ವಲ್ಪ ಮೂಗು, ಎಲ್ಲ.

ದಾದಾಪೀರ ನಗು ನಿಲ್ಲಿಸಿದ. ಪಾಪ, ಸಮಾಧಾನ ಮಾಡಲೆಂದು ಹೇಳಿದ: "ನಿಮ್ಮಕಿಂತ ಚಲೋ ಅನ್ನತೈತಿ ನೋಡ್ರಿ ಅಕ್ಕಾ. ತಡಾ ಅನ್ನೂದ ಇಲ್ಲ. ಒಂಬತ್ತೂವರಿ ಅಂದ್ರ ಅದ, ತಡಾ ಪೂರಾ ತಗದೇವಿ."

ಅದನ್ನು ಹಾಗೇ ಕೆಂಚವ್ವನಿಗೆ ಹೋಗಿ ಹೇಳಿದೆ. ನಂತರ ಬಂದು ಈ ಪತ್ರಕ್ಕೆ ಕೂತೆ. ಮಡಿಲಲ್ಲಿ ನಿಮ್ಮ ಕಾಲದ ಆ ಎರಡು ಕೊಂಬಿನ ಡಬ್ಬಿ ಇದೆ. ವಿದ್ಯುತ್ತು ಕೊಟ್ಟಾಗಲೆಲ್ಲ ಅದರ ಗಡಿಯಾರ ತಾನು ಹುಟ್ಟಿದ ದಿನಕ್ಕೆ, ಅಂದರೆ ನಿಮ್ಮ ದಿನಗಳಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಇದಕ್ಕೆ ಹಾಕಿದ ಪತ್ರ ನಿಮಗೇ ತಲುಪಬೇಕು. ಇದು ವಿಜ್ಞಾನವಲ್ಲ ಎನ್ನುವಿರಿ. ಇದಕ್ಕಿಂತ ದುರ್ಬಲ ಕಾರಣಗಳಿಗೆ ಈ ಥಂಡಿಮನೆಯಲ್ಲಿ ಜನರಿಗೆ ಬಡ್ತಿ ಸಿಕ್ಕಿದೆ.

ಈಗ ಸಂಜೆ ಐದೂವರೆ. ಮೇಲೆ ಚುಕ್ಕೆಗಳು ಒಂದೊಂದಾಗಿ ಹಸಿರಾಗುತ್ತಿವೆ, ಇಲ್ಲಿಂದ ಗಾಜಿನಲ್ಲಿ ಕಾಣುತ್ತದೆ. ಒಳಗೆ ಕೊನೆಯ ಸಾಲು.

"ಕೆಂಚವ್ವಾ!"

"ಓ!"

ನಾನು ಅಂದದ್ದಲ್ಲ. ಕೂಗು ಮುಗಿಯುವ ಮೊದಲೇ ಚಾವಣಿಯಿಂದ ಬಂತು. ನನ್ನ ಬಾಯಲ್ಲಿ ಮಂಡಕ್ಕಿ ಇದೆ. ಒಳಗೆ ಎತ್ತುಗಾಡಿ ಅಲುಗಲಿಲ್ಲ. ಕೆಂಚವ್ವ ಇನ್ನೂ ಕಾಯುತ್ತಿದ್ದಾಳೆಂದು ಗೊತ್ತಾಯಿತು. ನಾನು ಅಗಿದೆ, ನುಂಗಿದೆ.

"ಓ" ಅಂದೆ.

"ಹೂಂ. ಈಗ ಬಂತು ನೋಡ ನಿಂದು" ಎಂದಳು.

ಮಫ್ಲರು ಬಿಚ್ಚುತ್ತ ಹೊರಗೆ ಬಂದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಒಳಗಿನ ಕೊಂಡಿ ಕೂತ ಸದ್ದಾಯಿತು. ಅದರ ಕಡೆ ಒಮ್ಮೆ ನೋಡಿದಳು.

"ನಾಳಿಂದ ಎರಡನೇದು ಬರೂದಿಲ್ಲ, ಹೌದಿಲ್ಲೋ?"

"ಬರಾಕ ಬಿಡೂದಿಲ್ಲ ಆಯಿ. ನಾ ಮ್ಯಾಲಿಂದ ಅಂತೇನಿ, ಆದ್ರ ನಿನಗ ಕೇಳಂಗಿಲ್ಲ."

"ಕೇಳ್ಲಿ ಬಿಡ್ಲಿ. ಮೊದಲನೇದು ಬಂದ ಮ್ಯಾಲೆ ನಾ ಜರಾ ತಡೀತೇನಿ. ಒಂದು ಬುಕ್ಕಾ ಮಂಡಕ್ಕಿ ಇಳಿಯೂವಷ್ಟು. ಆಮ್ಯಾಲೆ ಮುಂದಿನ ಸಾಲು." ನನ್ನ ಕೈಯ ಪೊಟ್ಟಣದಿಂದ ಒಂದು ಮುಷ್ಟಿ ತೆಗೆದುಕೊಂಡು ನೆರಳಿನ ಬೀದಿಯಲ್ಲಿ ಹೊರಟುಹೋದಳು.

ಏಣಿಯ ಮೇಲಿನ ಮಾನ್ಯರೇ, ಹೊಸದನ್ನು ಹಾಕಿಸಿ. ಎರಡನೇ ಕೋಣೆಯ ಹಮಾಲ ಎರಡು ಕಾಲಲ್ಲಿ ನಡೆಯುತ್ತಿದ್ದಾನೆ, ನಾನು ಬೇಡ ಎನ್ನಲಾರೆ. ಆದರೆ ಎಷ್ಟು ಗೋಡೆ, ಎಷ್ಟು ಯಂತ್ರ, ಎಷ್ಟು ಜನ ಎಂದು ನಮೂನೆ ತುಂಬುವಾಗ, ಈ ಜಾಗದಲ್ಲಿ ಯಾರು ಕೂಗಿದರೆ ಯಾರು ಓ ಅನ್ನುತ್ತಾರೆ ಎಂದು ಒಂದು ಸಲ ಕೇಳಿ ಬರೆದುಕೊಳ್ಳಿ. ನಾನು ಏಣಿ ಹಿಡಿದಿದ್ದಾಗ ಅದನ್ನು ಹೇಳಬೇಕಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನೊಂದು ಬೇಡಿಕೆ, ಇದು ಸ್ವಂತದ್ದು. ಈ ಡಬ್ಬಿಯ ದೀಪ ಆರುವ ಮೊದಲು ನಮ್ಮ ಪದ್ಧತಿಯಂತೆ ನನ್ನ ಹೆಸರನ್ನು ನಾನೇ ಕೂಗುತ್ತೇನೆ. ಓದಿ ಮುಗಿಸಿದ ಮೇಲೆ, ಸುತ್ತಮುತ್ತ ಯಾರಾದರೂ ನಿಮ್ಮನ್ನು ಹುಚ್ಚರೆಂದುಕೊಳ್ಳುವಷ್ಟು ಹತ್ತಿರ ಇದ್ದರೂ ಪರವಾಗಿಲ್ಲ, ಒಂದು ಸಲ ಓ ಅನ್ನಿ. ಅವಸರ ಬೇಡ. ಬಾಯಲ್ಲಿ ಇರುವುದನ್ನು ಮೊದಲು ನುಂಗಿ. ನೀವು ಇವತ್ತೇ ಅಂದರೂ ಅದು ನನ್ನ ಬಳಿ ಬರಲು ನೂರಾ ಅರವತ್ತು ವರ್ಷ ಹಿಡಿಯುತ್ತದೆ. ಅಷ್ಟು ತಡವಾಗಿ ಬಂದದ್ದು ಮನುಷ್ಯರದೇ ಎಂದು ನನಗೆ ಗೊತ್ತಾಗುತ್ತದೆ.

ನೀಲಗಂಗಾ!

ನಾನು ಸ್ವಲ್ಪ ತಡೆಯುತ್ತೇನೆ.